ಸೂಜಿಮೊನೆಯಷ್ಟು ಬೆಳಕು

ಆ ಕ್ಯಾಮೆರಾದಲ್ಲಿ ತೂತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ನನ್ನ ತಂಗಿ ಸುವರ್ಣಾಳಿಗೆ ಕೊಡಿಸಿದೆ — ಚೆನ್ನಾಗಿದ್ದದ್ದನ್ನು ನಾನಿಟ್ಟುಕೊಳ್ಳಲೆಂದು.

ಆಗ ನಮ್ಮಿಬ್ಬರಿಗೂ ಒಂದೇ ಹುಚ್ಚು. ಅಗಲವಾದ ಫಿಲ್ಮ್ ರೋಲ್ ಹಾಕುವ ಕ್ಯಾಮೆರಾ, ಕಪ್ಪು-ಬಿಳುಪು ಚಿತ್ರ. ಹೊಸದು ಕೈಗೆಟುಕುವಂಥದ್ದಲ್ಲ, ಹಳೆಯದೇ ಆಗಬೇಕು. ನಾನು ಬಸವಕಲ್ಯಾಣದಲ್ಲಿ ಶಾಲಾ ಶಿಕ್ಷಕಿ; ಅವಳನ್ನು ಕೊಟ್ಟದ್ದು ದುಬಲಗುಂಡಿಗೆ, ಕುರಿ ಸಾಕುವ ಮನೆಗೆ. ಹುಮನಾಬಾದಿನಲ್ಲಿ ಸ್ಟುಡಿಯೋ ಮುಚ್ಚುತ್ತಿದ್ದ ಮುದುಕರೊಬ್ಬರು ಎರಡು ಕ್ಯಾಮೆರಾ ಮಾರುತ್ತಾರೆಂದು ಕೇಳಿ, ಇಬ್ಬರೂ ಎರಡು ದಿಕ್ಕಿನಿಂದ ಬಸ್ ಹಿಡಿದು ಓಡಿದೆವು.

ಒಂದು, ಮೇಲೊಂದು ಕೆಳಗೊಂದು ಮಸೂರವಿದ್ದ, ಪೆಟ್ಟಿಗೆಯಂಥ ಕ್ಯಾಮೆರಾ. ಮುಚ್ಚಳ ತೆರೆದು ತಲೆ ಬಗ್ಗಿಸಿದರೆ — ಅಬ್ಬಾ! ಗಾಜಿನ ಮೇಲೆ ಇಡೀ ಬಜಾರು, ಎಡಬಲ ಅದಲುಬದಲಾಗಿ, ನಡೆದಾಡುತ್ತಿತ್ತು. ಇನ್ನೊಂದು, ಹಾರ್ಮೋನಿಯಮ್ಮಿನದರಂತೆ ಮಡಿಕೆ ಬಿಚ್ಚುವ ಕಪ್ಪು ತಿದಿಯಿದ್ದ ಮಡಿಸುವ ಕ್ಯಾಮೆರಾ. ಬೆಲೆ ಎರಡಕ್ಕೂ ಒಂದೇ. ಸುವರ್ಣಾ ಪೆಟ್ಟಿಗೆಯಿಂದ ಮುಖ ಎತ್ತಲೇ ಇಲ್ಲ.

"ಅಕ್ಕಾ, ಒಳಗ ಮಂದಿ ತಿರುಗ್ಯಾಡಾಕತ್ತಾರ ನೋಡಽ!"

"ತಪಾಸ್ ಮಾಡಿ ತಗೋರಿ ತಾಯಿ, ಹಳೀ ಮಾಲು," ಎಂದರು ಮುದುಕರು. ಮಡಿಸುವ ಕ್ಯಾಮೆರಾವನ್ನು ನಾನೊಬ್ಬಳೇ ಒಳಗಿನ ಕತ್ತಲೆ ಕೋಣೆಗೆ ಒಯ್ದು, ಹಿಂಬದಿ ತೆರೆದು ಮೊಬೈಲಿನ ಟಾರ್ಚು ಹಿಡಿದೆ. ತಿದಿಯ ಮೂಲೆಯಿಂದ ಸೂಜಿಮೊನೆಯಷ್ಟು ಬೆಳಕು ಹೊರಬಂತು. ಅದೇ ತೂತಿನಿಂದ ಬೆಳಕು ಒಳಗೂ ನುಗ್ಗಿ ರೋಲನ್ನು ಕೆಡಿಸುತ್ತದೆ. ನನ್ನ ಮೈ ಝುಮ್ಮೆಂದಿತು — ಸಂತೋಷಕ್ಕೆ. ಪೆಟ್ಟಿಗೆ ಯಾರದೆಂಬುದು ಅಲ್ಲೇ ತೀರ್ಮಾನವಾಗಿಹೋಗಿತ್ತು.

ಹೊರಗೆ ಬಂದು ಹೇಳಿದೆ: "ಇದು ನಿನಗ ಛಲೋ. ಹಗೂರ ಅದ, ಕುರಿ ಹಿಂದ ಅಡವಿಗಿ ಒಯ್ಯಾಕ ಬರ್ತದ. ಎಲ್ಲಾ ನೋಡೀನಿ."

ಅವಳು ಪೆಟ್ಟಿಗೆಯ ಮುಚ್ಚಳ ಮೆಲ್ಲಗೆ ಮುಚ್ಚಿದಳು. "ನೀ ನೋಡಿದ ಮ್ಯಾಲ ಆತು."

ಮೊದಲ ರೋಲಿನಲ್ಲಿ ಅವಳು ತನ್ನ ಅತ್ತೆಯನ್ನು ತೆಗೆದಳು. ಎಂದೂ ಕ್ಯಾಮೆರಾಗೆ ಮುಖ ಕೊಡದ ಅತ್ತೆ, ಅಂದು ಕುರಿಮರಿ ಮಡಿಲಲ್ಲಿಟ್ಟುಕೊಂಡು ನಕ್ಕಿದ್ದರಂತೆ. ನಮ್ಮ ಬಚ್ಚಲಿನಲ್ಲಿ ಇಬ್ಬರೂ ಸೇರಿ ರೋಲ್ ತೊಳೆದೆವು. ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಹೊಗೆಯಂಥ ಕಲೆ — ಅತ್ತೆಯ ಚಿತ್ರದಲ್ಲಿ ಅದು ಮುಖದ ಮೇಲೆಯೇ. ಒಂದೇ ಜಾಗದಲ್ಲಿ ಎಂದರೆ ದೋಷ ತಿದಿಯದು. ನನಗದು ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

"ನಂದಽ ಏನರ ತಪ್ಪಾಗ್ಯಾದೇನು ಅಕ್ಕಾ?"

ಆಗಲಾದರೂ ಹೇಳಬಹುದಿತ್ತು... "ರೋಲ್ ಹಾಕೂಮುಂದ ಬೆಳಕ ಬಿದ್ದದ," ಎಂದೆ. "ನಿನ್ನ ಕೈ ಇನ್ನಾ ಪಳಗಿಲ್ಲ."

ಇನ್ನೂ ಕೆಲವು ರೋಲ್ ತೆಗೆದಳು. ಅದೇ ಕಲೆ. ಆಮೇಲೆ ಬಿಟ್ಟೇಬಿಟ್ಟಳು. ನಾನು ಮಾತ್ರ ಕೋಟೆ, ಕೆರೆ, ಗೋರ್ಟಾದ ಹೊಲ — ತೆಗೆಯುತ್ತಲೇ ಹೋದೆ. ಖುಷಿಯಿಂದಲೇ ತೆಗೆದೆ, ಅದನ್ನೂ ಮುಚ್ಚಿಡುವುದಿಲ್ಲ.

ವರ್ಷಗಳ ಮೇಲೆ, ಮೊನ್ನೆ ಅವಳ ಫೋನು. ಒಂದೇ ಉಸಿರಿನ ಮಾತು. "ಅಕ್ಕಾ, ಹುಲಸೂರಾಗ ಹಳೀ ಕ್ಯಾಮೆರಾ ಮಾರಾಕತ್ತಾರಂತ! ಇನ್ನೊಮ್ಮೆ ನೋಡೇಬಿಡ್ತೀನಿ. ನೀನಽ ಬಂದು ಆರಿಸಿಕೊಡು."

ನನ್ನ ಮನಸ್ಸೂ ಕುಣಿಯಿತು — ಮತ್ತೆ ನಾವಿಬ್ಬರು, ಮತ್ತೆ ಅದೇ ಹುಡುಕಾಟ! ಮರುಗಳಿಗೆ, ಅಂದು "ಎಲ್ಲಾ ನೋಡೀನಿ" ಎಂದ ನನ್ನ ಮಾತೇ ನೆನಪಾಯಿತು. ಫೋನಿನಲ್ಲೇ ಎಲ್ಲ ಹೇಳಿದೆ.

ಆ ಕಡೆ ಅವಳು ಕುರಿಗಳನ್ನು ದೂರ ಅಟ್ಟಿ, ಮತ್ತೆ ಫೋನು ಹಿಡಿದಳು.

"ಹಂಗಾರ ತಪ್ಪು ನನ್ನ ಕೈದಿರಲಿಲ್ಲ."

"ಇರಲಿಲ್ಲ."

"ನೀ ಬರೂದು ಬ್ಯಾಡ. ನಾನಽ ನೋಡಿ ತಗೋತೀನಿ."

ತಗೊಂಡಳಂತೆ, ಅವ್ವ ಹೇಳಿದಳು. ಮೊದಲ ರೋಲೂ ಮುಗಿದಿದೆಯಂತೆ. ಹೇಗೆ ಬಂದಿದೆಯೋ — ನೋಡುವ ಆಸೆಗೆ ಜೀವ ಚಡಪಡಿಸುತ್ತದೆ. ಆದರೆ ಕೇಳುವುದಿಲ್ಲ. ತೋರಿಸುವುದು, ತೋರಿಸದಿರುವುದು ಅವಳಿಗೆ ಬಿಟ್ಟದ್ದು.