ಎರಡು ಲೀಟರ್ ಪಾತ್ರೆಯ ಲೆಕ್ಕ

ನನ್ನ ಎಡಗಡೆ ಕುಳಿತು ಮಾತಾಡುವವರ ಮೇಲೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಬಂದ ಕಿವುಡಲ್ಲ, ಕೆಮಿಸ್ಟ್ರಿ ಟ್ಯೂಶನ್‌ನಲ್ಲಿ ಆದದ್ದು.

ಪಿಯುಸಿ ಓದುವಾಗ ಸವದತ್ತಿಯ ಗೊಬ್ಬರದಂಗಡಿಯೊಂದರ ಮೇಲಿನ ಕೋಣೆಯಲ್ಲಿ ಟ್ಯೂಶನ್ ಇತ್ತು. ಅಲ್ಲೊಂದು ಪದ್ಧತಿ: ತಪ್ಪು ಬರೆದವನ ಮೂಗನ್ನು ಸರಿ ಬರೆದವನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಕಪಾಳಕ್ಕೆ ಬಾರಿಸಬೇಕು. ಮೆಲ್ಲಗೆ ಹೊಡೆದರೆ ಹೇಗೆ ಹೊಡೆಯಬೇಕೆಂದು ಸರ್ ತಾವೇ ತೋರಿಸುತ್ತಿದ್ದರು. ನನ್ನ ಎಡಗಿವಿ ಚಿಕ್ಕಂದಿನಿಂದ ಸೋರುತ್ತಿತ್ತು. 'ಈ ಕಿವಿಗೆ ಏಟ ಬಿದ್ರ ಪರದೆ ಹರೀತೈತಿ, ಮತ್ತ ಕೇಳಂಗಿಲ್ಲ' ಎಂದು ಡಾಕ್ಟರು ಅವ್ವನಿಗೆ ಹೇಳಿದ್ದರು. ಅದಕ್ಕೇ ನಾನು ಲೆಕ್ಕಗಳನ್ನು ಮೈಮುರಿದು ಮಾಡುತ್ತಿದ್ದೆ. ಜಾಣತನ ಗೀಣತನ ಏನೂ ಅಲ್ಲ, ಹೆದರಿಕೆ.

ಆಗ ಸಮತೋಲನ ಸ್ಥಿರಾಂಕದ ಪಾಠ ನಡೆದಿತ್ತು. ಹಿಂದಿನ ದಿನ ಹೈಡ್ರೋಜನ್, ಅಯೋಡಿನ್ ಲೆಕ್ಕ ಮಾಡಿಸಿದ್ದರು. ಅದರಲ್ಲಿ ಎರಡೂ ಕಡೆ ಮೋಲ್ ಸಮ, ಪಾತ್ರೆಯ ಗಾತ್ರ ಮೇಲೆ ಕೆಳಗೆ ಹೊಡೆದು ಹೋಗುತ್ತದೆ. 'ಲೀಟರ್ ಬಿಡ್ರಿ, ಬರೇ ಮೋಲ್ ಹಾಕ್ರಿ' ಎಂದರು, ಇಡೀ ಕ್ಲಾಸು ಹಾಗೇ ಕಲಿಯಿತು. ಮರುದಿನ ಬೇರೆ ಲೆಕ್ಕ, ಇದರಲ್ಲಿ ಎರಡು ಕಡೆಯ ಮೋಲ್ ಸಮವಲ್ಲ. ಎರಡು ಲೀಟರ್ ಪಾತ್ರೆಯಲ್ಲಿ ಮೂರು ಮೋಲ್ ಡೈನೈಟ್ರೋಜನ್ ಟೆಟ್ರಾಕ್ಸೈಡ್. ಒಂದು ಮೋಲ್ ಒಡೆದು ಎರಡು ಮೋಲ್ ಕಂದು ಅನಿಲವಾಗಿದೆ, ಎರಡು ಮೋಲ್ ಹಾಗೇ ಉಳಿದಿದೆ. ಕಂದು ಅನಿಲದ ಎರಡರ ವರ್ಗ ನಾಲ್ಕು, ಭಾಗಿಸು ಉಳಿದ ಎರಡು ಎಂದು ಎಲ್ಲರೂ 'ಎರಡು' ಬರೆದರು. ನಾನು ಮೊದಲು ಮೋಲ್‌ಗಳನ್ನು ಲೀಟರಿನಿಂದ ಭಾಗಿಸಿದೆ. ಎರಡೂ ಲೀಟರಿಗೆ ಒಂದೊಂದಾಗಿ, ಉತ್ತರ 'ಒಂದು' ಎಂದು ಬಂತು.

'ಉತ್ತರ ಎರಡು. ಯಾಂವಂದು ತಪ್ಪೈತಿ, ಎದ್ದ ನಿಲ್ರಿ' ಎಂದರು ಸರ್. ನಾನೊಬ್ಬನೇ ನಿಂತೆ. ಪಕ್ಕದಲ್ಲಿದ್ದ, ಹೂಲಿ ಊರಿನ ಗೆಳೆಯನಿಗೆ ಹೊಡೆಯಲು ಹೇಳಿದರು. ಕಿವಿಯ ಸಂಗತಿ ಗೊತ್ತಿದ್ದ ಅವನು ಕೈ ಬದಲಿಸಿ ಬಲಗೆನ್ನೆಯನ್ನು ಸವರಿದ.

'ಮಂಗ್ಯಾನ ಮಗನ, ನೊಣಾ ಹೊಡಿಯಾಕ ಹತ್ತೀಯೇನ?' ಸರ್ ಅವನ ಬೆನ್ನಿಗೆ ಗುದ್ದಿ, ನನ್ನ ಮೂಗು ಹಿಡಿದರು.

'ಸರ್, ಎಡಗಿವಿ ಬ್ಯಾಡ್ರಿ. ಲೀಟರ್‌ಲೆ ಭಾಗಿಸಬೇಕ್ರಿ, ಒಂದ ಬರ್ತೈತ್ರಿ.'

ಬಿತ್ತು. ಬೆಂಚಿನ ಅಂಚಿಗೆ ಹಲ್ಲು ಬಡಿದು ಬಾಯಿ ತುಂಬ ರಕ್ತ. ಕಿವಿಯಲ್ಲಿ ಕುಕ್ಕರಿನ ಸೀಟಿ ಶುರುವಾಯಿತು.

'ಎಷ್ಟ?'

'ಒಂದ್ರಿ.'

ಮತ್ತೆ ಬಿತ್ತು. ಎರಡು ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಾಳಾದ ಸಿಟ್ಟು ಬಿಡಲಿಲ್ಲ, ರಕ್ತ ನುಂಗಿ 'ಒಂದ್ರಿ' ಎಂದೆ. ಮುಂದಿನ ಏಟಿಗೆ ಸೀಟಿ ನಿಂತಿತು.

ಗೆಳೆಯ ಅಳುತ್ತಲೇ ನನ್ನ ಹಾಳೆ ಎತ್ತಿಕೊಂಡು ಹೋಗಿ, ಅದರಲ್ಲಿದ್ದುದನ್ನೇ ಬೋರ್ಡಿನ ಮೇಲೆ ಬರೆದ. 'ಸರ್, ಪಾತ್ರಿ ಎರಡು ಲೀಟರಿಂದೈತ್ರಿ' ಎಂದ. ಸರ್ ಬೋರ್ಡು ನೋಡುತ್ತ ನಿಂತರು. ಆಮೇಲೆ ಚಷ್ಮಾ ತೆಗೆದು ಮೇಜಿನ ಮೇಲಿಟ್ಟು, ನನ್ನ ಮುಂದೆ ಬಂದು ಬಗ್ಗಿದರು. 'ನಂದ ತಪ್ಪೈತಿ. ಪದ್ಧತಿ ಅಂದ್ರ ಪದ್ಧತಿ. ಹೊಡಿ' ಎಂದದ್ದು ಬಲಗಿವಿಗೆ ಕೇಳಿತು.

ಮೂಗು ಹಿಡಿದು ಹೊಡೆದೆ. ಗುರು ಗಿರು ಎಂದು ನೋಡಲಿಲ್ಲ, ಮೈಯಲ್ಲಿದ್ದ ಬಲವನ್ನೆಲ್ಲ ಕೈಗೆ ತಂದು ಹೊಡೆದೆ. ಕೆನ್ನೆಯ ಮೇಲೆ ಬೆರಳು ಮೂಡಿದವು. ಅವರು ಚಷ್ಮಾ ಹಾಕಿಕೊಂಡು, 'ಇಬ್ಬರದೂ ಸರಿಹೋತು' ಎಂದು ಮುಂದಿನ ಲೆಕ್ಕ ಬರೆಸಿದರು.

ಮೊನ್ನೆ ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಸರ್ ಸಿಕ್ಕರು, ಮುದುಕರಾಗಿದ್ದಾರೆ. ನನ್ನ ಎಡಕ್ಕೆ ಕುಳಿತು ಬಹಳ ಹೊತ್ತು ಏನೋ ಹೇಳಿದರು. ಕಡೆಗಣ್ಣಿಗೆ ಅವರ ಮುಗಿದ ಕೈ ಕಾಣುತ್ತಿತ್ತು. ನಾನು ಬಲಗಿವಿಯನ್ನು ಅವರ ಕಡೆ ತಿರುಗಿಸಲಿಲ್ಲ.