ಎಲ್ಡನ್‌ನ ಹಲಗೆ ಗೂಡು
ಅಮೆರಿಕದ ವರ್ಮಾಂಟಿನ ಎಲ್ಡನ್ ಹಲಗೆ ಒಣಗಿಸಲೆಂದು ಹಿತ್ತಲಲ್ಲಿ ಗೂಡು ಕಟ್ಟಿ, ಬಿಸಿಲು ಇಳಿಯಲೆಂದು ಹೆಂಡತಿ ಮಾರ್ವಾಳ ಅಡುಗೆಮನೆಯ ಕಿಟಕಿಯನ್ನೇ ಕಿತ್ತು ಅದರ ಮಾಡಿಗೆ ಕೂರಿಸಿದವನು. ತಾನು ನೆನೆದರೂ ಚಿಂತೆಯಿಲ್ಲ, ಹಲಗೆಗೆ ಹನಿ ತಾಗಬಾರದು. ದಿನಾ ಕಾಫಿಗೂ ಮೊದಲು ಒಂದೊಂದು ಹಲಗೆಗೂ ಕೆನ್ನೆ ಒತ್ತುತ್ತಾನೆ. ತಣ್ಣಗಿದ್ದರೆ ಒಳಗೆ ನೀರಿದೆಯೆಂದು ಅರ್ಥ. "ನನ್ನ ಕೆನ್ನೆಗೂ ಇಷ್ಟು ಉಪಚಾರ ಆಗಿಲ್ಲಪ್ಪ," ಎಂದು ಮಾರ್ವಾ ಗೊಣಗುತ್ತಾಳೆ. ಒಣಗಿದ ಹಲಗೆ ಯಾರು ಕೇಳಿದರೂ ಕೊಡುತ್ತಾನೆ, ಆದರೆ ನಡುವಿನ ಓಕ್ ಹಲಗೆಗೆ ಮಾತ್ರ ವರ್ಷಗಳಿಂದ ಒಂದೇ ಉತ್ತರ: "ಇನ್ನೂ ಹಸಿ." ಇಂದು ಮಾರ್ವಾ ಅದನ್ನು ಬೆಳಕಿಗೆ ತಿರುಗಿಸಿ, ಬೆರಗಾಗಿ ನಿಂತಳು. ಬೆಳೆಯುತ್ತಾ ಮರ ನುಂಗಿದ್ದ ಕಬ್ಬಿಣದ ಕೊಕ್ಕೆಯೊಂದು, ಸುತ್ತ ಆ ಕಬ್ಬಿಣ ಬಿಟ್ಟ ಕಡುನೀಲಿ ಕಲೆ; ಮದುವೆಗೆ ಮುಂಚೆ ಅವಳ ಉಯ್ಯಾಲೆಗೆಂದು ಅವನೇ ಹೊಡೆದ ಕೊಕ್ಕೆ. ಅವಳೂ ಕೆನ್ನೆ ಒತ್ತಿದಳು. ಎಂದೋ ಒಣಗಿದ್ದ ಹಲಗೆ ಬೆಚ್ಚಗಿತ್ತು. "ಹೌದು ಕಣೋ, ಇನ್ನೂ ಹಸಿ," ಎಂದು ಎಲ್ಡನ್‌ಗೆ ಹೇಳಿದಳು.