ಇನ್ನೂ ಕಚ್ಚಾ ಅದ

ಅವರ ಎಡಗೈಯ ಕಿರುಬೆರಳಿನ ಉಗುರು ಬೆರಳಿನಿಂದ ಬಹಳ ಮುಂದೆ ಚಾಚಿಕೊಂಡಿತ್ತು, ಮತ್ತು ಯಾವತ್ತೂ ಒಂದೇ ಬಣ್ಣದಲ್ಲಿ ಇರುತ್ತಿರಲಿಲ್ಲ. ಬಣ್ಣ ಕಲಸಿದರೆ ಮೊದಲು ಆ ಉಗುರಿಗೆ ಹಚ್ಚಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹಾರ್ಮೋನಿಯಂನ ಸ್ವರದ ಮನೆಗಳ ನಡುವೆ ಕೂತ ಧೂಳನ್ನು ಅದರಿಂದಲೇ ಕೆದರುತ್ತಿದ್ದರು. ಹೊಸ ಸಾಲೊಂದು ಹೊಳೆದರೆ ಕಾಗದ ಹುಡುಕುವಷ್ಟು ಸಹನೆ ಇಲ್ಲದೆ ಹಸಿ ಬಣ್ಣದ ಮೇಲೆ ಅದೇ ಉಗುರಿನಿಂದ ಗೀಚುತ್ತಿದ್ದರು. ಇದೆಲ್ಲ ಮುಗಿದ ಮೇಲೆ ಚಹಾದ ಕೆನೆಯನ್ನು ತೆಗೆಯುವುದಕ್ಕೂ ಅದೇ ಉಗುರು. ಅವರು ತೀರಿಕೊಂಡ ಮೇಲೆ ಹುಟ್ಟಿಕೊಂಡ ಅಭಿಮಾನಿ ಬಳಗದವರು ಅದನ್ನು ‘ಮೂರು ಕಲೆಗಳು ಕೂಡಿದ ಕೈ’ ಎಂದು ಬರೆದಿದ್ದಾರೆ. ಆ ಕೈಗೆ ನಾನು ಎಷ್ಟೋ ಸಲ ಚಹಾದ ಕಪ್ಪು ಕೊಟ್ಟಿದ್ದೇನೆ. ಕೊಟ್ಟು ಬೇರೆ ಕಡೆ ನೋಡುತ್ತಿದ್ದೆ.

ಈ ಬರಹ ಕೇಳಿದ್ದೂ ಆ ಬಳಗದವರೇ. ನೆನಪಿನ ಸಂಪುಟವಂತೆ, ಮನ ಮುಟ್ಟುವಂತೆ ಇರಲಿ ಎಂದರು. ನನಗೆ ನೆನಪಿನ ಮೇಲೆ ಅಂಥ ನಂಬಿಕೆ ಇಲ್ಲ. ಅದು ಸತ್ತವರಿಗೆ ಮೈತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಧೋತರ ಉಡಿಸಿ ಕೂರಿಸುತ್ತದೆ. ಉಗುರು ಎಡಗೈಯದೋ ಬಲಗೈಯದೋ ಎಂದು ಯಾರಾದರೂ ಪಟ್ಟು ಹಿಡಿದರೆ ನಾನು ಹಿಂದೆ ಸರಿದೇನು. ಅದು ಕೊಳಕಾಗಿತ್ತು ಎಂಬ ಮಾತಿನಿಂದ ಮಾತ್ರ ಸರಿಯುವುದಿಲ್ಲ.

ಜೇವರ್ಗಿ ಕಾಲೋನಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಓಣಿಗೆಲ್ಲ ಅವರು ಕಾಕಾ, ಅವರ ಹೆಂಡತಿ ಕಾಕು. ಕಾಕು ಅಲ್ಲೇ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದರು. ಆ ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಆಕೆಯಿಂದ. ಕಾಕಾ ಹಾಡುತ್ತಿದ್ದರು, ಚಿತ್ರ ಬರೆಯುತ್ತಿದ್ದರು, ಕವಿತೆ ಕಟ್ಟುತ್ತಿದ್ದರು. ಹಾಡುವವರು ಅವರನ್ನು ಒಳ್ಳೆಯ ಚಿತ್ರಕಾರ ಎನ್ನುತ್ತಿದ್ದರು, ಚಿತ್ರಕಾರರು ಒಳ್ಳೆಯ ಕವಿ ಎನ್ನುತ್ತಿದ್ದರು. ಪ್ರಾಯದಲ್ಲಿ ಜಗತ್ ಸರ್ಕಲ್ಲಿನ ಸುತ್ತಮುತ್ತಲಿನ ಅಂಗಡಿಗಳಿಗೆ ಬೋರ್ಡು ಬರೆದವರು. ಒಂದು ಮಿಠಾಯಿ ಅಂಗಡಿಯ ಬೋರ್ಡು ಮುಗಿಯುವ ಮೊದಲೇ ಅಂಗಡಿ ಮುಚ್ಚಿತು. ಆಮೇಲೆ ಫ್ಲೆಕ್ಸ್ ಬಂತು. ನಾನಾಗಿಯೇ ಆ ಕೆಲಸ ಬಿಟ್ಟೆ ಎಂದು ಕಾಕಾ ಹೇಳಿಕೊಳ್ಳುತ್ತಿದ್ದರು. ಕೇಳುವವರು ನಗು ತಡೆದುಕೊಳ್ಳುತ್ತಿದ್ದರು.

ಅವರ ಬಾಯಲ್ಲಿ ಒಂದು ಮಾತು ಇತ್ತು: ಕಚ್ಚಾ. ನಮ್ಮ ಕಡೆ ಅದು ಕಾಯಿಗೂ ಸಲ್ಲುತ್ತದೆ, ಡಾಂಬರು ಕಾಣದ ರಸ್ತೆಗೂ ಸಲ್ಲುತ್ತದೆ, ಬಿಲ್ಲಿಗೆ ಮೊದಲು ಬರೆದುಕೊಡುವ ಚೀಟಿಗೂ ಸಲ್ಲುತ್ತದೆ. ಕಾಕಾ ಅದನ್ನು ತಮ್ಮ ಸೋಮಾರಿತನಕ್ಕೆ ಹೊದಿಕೆ ಮಾಡಿಕೊಂಡಿದ್ದರು. ಅವರ ಕವಿತೆಗಳಿಗೆ ಕೊನೆಯ ಸಾಲು ಇರುತ್ತಿರಲಿಲ್ಲ. ಚಿತ್ರಗಳಿಗೆ ಸಹಿ ಇರುತ್ತಿರಲಿಲ್ಲ. ಎಷ್ಟೋ ಮುಖಗಳಿಗೆ ಒಂದು ಕಿವಿಯೂ ಇರುತ್ತಿರಲಿಲ್ಲ. ಹಾಡುಗಳಿಗೆ ಪಲ್ಲವಿ ಮಾತ್ರ. ಯಾಕೆ ಕಾಕಾ ಎಂದರೆ, ಇನ್ನೂ ಕಚ್ಚಾ ಅದ ಎಂದು ಮುಖ ತಿರುಗಿಸುತ್ತಿದ್ದರು, ಕೇಳಿದ್ದು ನಮ್ಮದೇ ತಪ್ಪು ಅನ್ನುವಂತೆ.

ಬೆಳಿಗ್ಗೆ ಎದ್ದರೆ ಹಾರ್ಮೋನಿಯಂ. ಅದರ ಗಾಂಧಾರದ ಮನೆ ಒಮ್ಮೆ ಒತ್ತಿದರೆ ಮೇಲೇಳುತ್ತಿರಲಿಲ್ಲ. ತಿದಿ ಒತ್ತುವ ಎಡಗೈಯನ್ನು ಬಿಡಿಸಿ ಆ ಉಗುರಿನಿಂದ ಅದನ್ನು ಎಬ್ಬಿಸಬೇಕು. ಅಷ್ಟರಲ್ಲಿ ಗಾಳಿ ನಿಲ್ಲುತ್ತಿತ್ತು, ಹಾಡೂ ನಿಲ್ಲುತ್ತಿತ್ತು. ಬಳಗದವರು ಇದನ್ನು ಮೌನದ ಪ್ರಯೋಗ ಎಂದು ಕರೆದಿದ್ದಾರೆ. ರಿಪೇರಿ ಮಾಡಿಸಿಕೊಳ್ಳಿ ಎಂದು ಹೇಳಿ ಹೇಳಿ ಕಾಕುವಿಗೆ ಸಾಕಾಗಿತ್ತು. ‘ಗಿಡಕ್ಕ ಹೇಳಬ್ಯಾಡ ಹಣ್ಣಿನ ಸುದ್ದಿ’ ಎಂಬ ಒಂದೇ ಸಾಲನ್ನು ಕಾಕಾ ಇಡೀ ಬೆಳಗು ತಿರುವಿ ತಿರುವಿ ಹಾಡುತ್ತಿದ್ದರು. ಗೋಡೆಯ ಈಚೆ ನಾನು ಹಲ್ಲುಜ್ಜುತ್ತ ಎರಡನೆಯ ಸಾಲಿಗೆ ಕಾಯುತ್ತಿದ್ದೆ. ಅದು ಬರಲಿಲ್ಲ. ಮಧ್ಯಾಹ್ನ ಕ್ಯಾಲೆಂಡರಿನ ಹಾಳೆಗಳ ಹಿಂದೆ ಕವಿತೆ. ಸಂಜೆ ಅಂಗಳದಲ್ಲಿ ಬಣ್ಣ. ಸೀರೆ ಒಣಹಾಕುವ ಹಗ್ಗಕ್ಕೆ ಚಿತ್ರಗಳನ್ನು ನೇತುಹಾಕುತ್ತಿದ್ದರು, ಕಾಕುವಿನ ಬಿಳಿ ಸೀರೆಗಳಿಗೆ ಕಲೆ ಹತ್ತುತ್ತಿತ್ತು.

ನಾನು ಆಗ ಕವಿತೆ ಬರೆಯಲು ಶುರುಮಾಡಿದ್ದೆ. ಕೊನೆಯ ಸಾಲಿನಲ್ಲಿ ಬಾಗಿಲು ಹಾಕಿದ ಸಪ್ಪಳ ಕೇಳಿಸಬೇಕು ಅನ್ನುವುದು ನನ್ನ ಹಟ. ಒಮ್ಮೆ ಒಂದನ್ನು ಅವರ ಮುಂದೆ ಓದಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ಉಗುರಿನಿಂದ ಕಿವಿ ಕೆರೆದುಕೊಳ್ಳುತ್ತ ಹೇಳಿದರು:

“ಪಕ್ಕಾ ಆಗ್ಯಾದ ತಮ್ಮಾ. ಇನ್ನ ಇದಕ್ಕ ಕೊಳಿಯೋದೊಂದೇ ಬಾಕಿ ಅದ.”

ಒಂದೂ ಕವಿತೆ ಮುಗಿಸಲಾರದ ಮನುಷ್ಯನ ಹೊಟ್ಟೆಕಿಚ್ಚು ಎಂದುಕೊಂಡು ಎದ್ದು ಬಂದೆ. ಇವತ್ತಿಗೂ ಅದು ಹೊಟ್ಟೆಕಿಚ್ಚೇ ಅನ್ನಿಸುತ್ತದೆ. ಆದರೆ ಆಮೇಲೆ ಯಾವ ಕವಿತೆಯ ಕೊನೆಯ ಸಾಲು ಬರೆಯಲು ಹೋದರೂ ಮೂಗಿಗೆ ಕೊಳೆತ ಹಣ್ಣಿನ ವಾಸನೆ ಬಂದಂತಾಗುತ್ತದೆ. ಆ ಸಾಲನ್ನು ಹೊಡೆದುಹಾಕುತ್ತೇನೆ.

ಕಾಕುವಿಗೆ ಬೇಕಾಗಿದ್ದುದು ಒಂದೇ. ಕಾಕಾ ಒಂದಾದರೂ ಕೆಲಸ ಮುಗಿಸಬೇಕು, ಅದರ ಕೆಳಗೆ ತಮ್ಮ ಹೆಸರು ಬರೆಯಬೇಕು. ದವಾಖಾನೆಗೆ ಬರುವ ಹೆಂಗಸರು ಚುಚ್ಚುಮದ್ದಿಗೆ ತೋಳು ಒಡ್ಡಿಕೊಂಡೇ, ನಿಮ್ಮ ಮನಿಯವ್ರು ಏನ್ ಮಾಡ್ತಾರರೀ ಅಕ್ಕಾ ಎಂದು ಕೇಳುತ್ತಿದ್ದರಂತೆ. ಹಾಡ್ತಾರ ಎಂದರೆ ಎಲ್ಲಿ, ಬರೀತಾರ ಎಂದರೆ ಯಾವುದರಲ್ಲಿ ಎಂಬ ಪ್ರಶ್ನೆ. “ಅದು ನಮ್ಮವ್ರು ಮಾಡಿದ್ದು ಅಂತ ಬಟ್ಟು ಮಾಡಿ ತೋರಸ್ಲಿಕ್ಕ ಒಂದರ ಬೇಕಲ್ಲ ತಮ್ಮಾ,” ಎಂದು ಒಮ್ಮೆ ನನ್ನ ಹತ್ತಿರ ಅಂದರು. ಆಕೆ ಅಳಲಿಲ್ಲ. ಸೀರೆಯ ಕಲೆಗೆ ಸಾಬೂನು ಉಜ್ಜುತ್ತಿದ್ದರು.

ಕಮಲಾಪುರದಲ್ಲಿ ಕಾಕುವಿನ ತಮ್ಮ ಬಾಳೆಹಣ್ಣಿನ ವ್ಯಾಪಾರಿ. ಆ ಊರಿನ ಕೆಂಪು ಬಾಳೆಯ ಗೊನೆಗಳನ್ನು ತೋಟದಿಂದ ತಂದು, ಹಣ್ಣು ಮಾಡಿ ಮಾರುವುದು ಅವನ ಕೆಲಸ. ಹೆದ್ದಾರಿಗೆ ಮುಖ ಮಾಡಿ ಹೊಸ ಅಂಗಡಿ ಕಟ್ಟಿಸಿದ್ದ. ದಿನವಿಡೀ ಬಿಸಿಲು ಬೀಳುವ ದೊಡ್ಡ ಗೋಡೆ. ಅಕ್ಕ ಹಟ ಹಿಡಿದದ್ದಕ್ಕೆ ಅದನ್ನು ಕಾಕಾಗೆ ಕೊಟ್ಟ. ಅಂಗಡಿ ಶುರುವಾಗುವ ಹೊತ್ತಿಗೆ ಮುಗಿದಿರಬೇಕು, ಕೆಳಗೆ ಹೆಸರು ಇರಬೇಕು. ಎರಡನೆಯ ಕರಾರು ಅಕ್ಕನದು.

ನನ್ನ ಬೈಕಿನ ಹಿಂದೆ ಕೂತು, ಬಣ್ಣದ ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಕಾ ಹೋಗುತ್ತಿದ್ದರು. ದಾರಿಯ ಮಹಾಗಾಂವ ಕ್ರಾಸಿನಲ್ಲಿ ಚಹಾ ಆಗಲೇಬೇಕು. ಆ ದಿನಗಳಲ್ಲಿ ಅವರು ನಿಜವಾಗಿ ಕೆಲಸ ಮಾಡಿದರು, ಅದನ್ನು ಒಪ್ಪಬೇಕು. ಗೋಡೆಯ ತುಂಬ ಗೊನೆಗಳು ಇಳಿಬಿದ್ದವು. ಆದರೆ ಕೆಂಪು ಬಳಿದು ಮುಗಿಸಿದ ಮೇಲೆ ಅದರ ಮೇಲೆ ತೆಳ್ಳಗೆ ನೇರಳೆ ಬಣ್ಣ ಎಳೆಯತೊಡಗಿದರು. ನೋಡನೋಡುತ್ತ ಗೊನೆಗಳೆಲ್ಲ ಕಪ್ಪಿಟ್ಟವು. ಭಾವಮೈದುನ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದ.

“ಮಾಮಾ, ನಮ್ಮ ಬಾಳಿ ಕೆಂಪ ಇರ್ತಾವ. ಇವು ಬದನಿಕಾಯಿ ಆಗ್ಯಾವ.”

“ಕಚ್ಚಾ ಅವ,” ಎಂದರು ಕಾಕಾ, ಏಣಿಯ ಮೇಲಿಂದಲೇ. “ಬಿಸಿಲಿಗಿ ಹಣ್ಣಾಗ್ತಾವ.”

“ಗ್ವಾಡಿ ಮ್ಯಾಲಿನ ಬಾಳಿ ಹೆಂಗ ಹಣ್ಣಾಗ್ತಾವ?”

“ನೀ ಕಾರ್ಬೈಡ್ ಪುಡಿ ಹೊಡದು ಹಣ್ಣ ಮಾಡವ, ನಿನಗ ತಿಳಿಯಂಗಿಲ್ಲ ಬಿಡು.”

ಆ ಮಾತು ಸುತ್ತ ನಿಂತಿದ್ದ ಹಮಾಲರಿಗೆ ಕೇಳಿಸಿತು. ಭಾವಮೈದುನ ಕೆಂಪಾದ, ಆ ಗೋಡೆಯ ಮೇಲೆ ಇರಬೇಕಾಗಿದ್ದ ಕೆಂಪು ಅದು.

ಅಂಗಡಿ ಶುರುವಾದ ದಿನ ಕಾಕು ರಜೆ ಹಾಕಿ, ಇಳಕಲ್ ಸೀರೆ ಉಟ್ಟು ಬಂದಿದ್ದರು. ಪೂಜೆ ಮುಗಿದು ಪೇಢೆ ಹಂಚುವಾಗ ಒಬ್ಬ ಲಾರಿಯವನು ಗಾಡಿ ನಿಲ್ಲಿಸಿ, ಬದನೆಕಾಯಿ ಕಿಲೋ ಹೇಗೆ ಎಂದು ಕೇಳಿದ. ಜನ ನಕ್ಕರು. ಕಾಕು ನಗಲಿಲ್ಲ. ಗೋಡೆಯ ಬುಡದವರೆಗೆ ನಡೆದು ಹೋಗಿ, ಬಗ್ಗಿ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಹೆಸರು ಇರಲಿಲ್ಲ. ಡಬ್ಬಿಯಲ್ಲಿದ್ದ ಕುಂಚವನ್ನು ತಾವೇ ತೆಗೆದು ಗಂಡನ ಕೈಗೆ ಹಿಡಿಸಿದರು. ಹೆಸರಾದ್ರೂ ಬರೀರಿ ಎಂದು ಮೆಲ್ಲಗೆ ಹೇಳಿದರು. ಕಾಕಾ ಕುಂಚವನ್ನು ನೋಡಿದರು, ಗೋಡೆಯನ್ನು ನೋಡಿದರು. “ಇನ್ನೂ ಕಚ್ಚಾ ಅದ,” ಎಂದರು. ಕಾಕು ಸೆರಗು ಹೊದ್ದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಆ ದಿನ ಆ ಮನುಷ್ಯನ ಮೇಲೆ ನನಗೆ ಬಂದ ಹೇಸಿಕೆ ಪೂರ್ತಿ ಹೋಗಿಲ್ಲ. ಹೋಗುವುದು ಬೇಡ ಕೂಡ.

ಭಾವಮೈದುನ ಆ ವಾರವೇ ಗೋಡೆಗೆ ಫ್ಲೆಕ್ಸ್ ಹಾಕಿಸಿದ. ಅಚ್ಚು ಹಾಕುವವನ ಹತ್ತಿರ ಕೆಂಪು ಬಾಳೆಯ ಫೋಟೋ ಇರಲಿಲ್ಲವಂತೆ. ಹಳದಿ ಬಾಳೆ ಹಾಕಿಕೊಟ್ಟ. ಕಮಲಾಪುರದ ಎದೆಯ ಮೇಲೆ ಹಳದಿ ಬಾಳೆ ಜೋತುಬಿತ್ತು, ಊರಲ್ಲಿ ಒಬ್ಬನೂ ತುಟಿ ಬಿಚ್ಚಲಿಲ್ಲ. ಬದನೆಕಾಯಿ ಕಂಡು ನಕ್ಕವರೇ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಫ್ಲೆಕ್ಸಿನ ಅಗಲ ಗೋಡೆಗಿಂತ ಒಂದಿಷ್ಟು ಕಡಿಮೆ. ಎಡಗಡೆಯ ಮೂಲೆಯಲ್ಲಿ ಒಂದೇ ಒಂದು ಗೊನೆ ಹೊರಗೆ ಉಳಿಯಿತು. ಕಾಕು ಮನೆಯಲ್ಲಿ ಎಂದಿನಂತೆ ಇದ್ದರು, ಎಂದಿನಂತೆ ಮಾತಾಡಿದರು. ಹೆಸರಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಬೇಸಿಗೆ ಮುಗಿದು ಮಳೆ ಶುರುವಾದಾಗ ಕಾಕಾ ಹೋದರು. ಹಾಡುತ್ತಲೇ ಹೋದರು ಎಂದು ಬಳಗದವರು ಹೇಳುತ್ತಾರೆ. ಕಾಕು ಹೇಳಿದ ಪ್ರಕಾರ ಅವರು ಆಸ್ಪತ್ರೆಯ ಗೋಡೆಗೆ ಬಳಿದ ಹಸಿರನ್ನು ಬೈಯುತ್ತಿದ್ದರು, ಬೈಯುತ್ತ ಸುಸ್ತಾಗಿ ಮಲಗಿದರು, ಏಳಲಿಲ್ಲ. ಮಾರನೆಯ ದಿನ ಜಗತ್ ಸರ್ಕಲ್ಲಿನಲ್ಲಿ ಅವರ ಫೋಟೋ ಇರುವ ಶ್ರದ್ಧಾಂಜಲಿ ಎದ್ದಿತು. ಅದೂ ಫ್ಲೆಕ್ಸೇ.

ಆಮೇಲೆ ಬಳಗದವರಿಗೆ ಗೋಡೆಯ ನೆನಪಾಯಿತು. ಸಂಪುಟದ ಮುಖಪುಟಕ್ಕೆ ಅದರ ಫೋಟೋ ಬೇಕು, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಲಾವಿದರ ಹೆಸರು ಬೇಕು. ಬಳಗದ ಅಧ್ಯಕ್ಷರು ನಿವೃತ್ತ ಅಧ್ಯಾಪಕರು. ಕಾಕಾ ಇದ್ದಾಗ ಅವರನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಿದ್ದವರು. ಅಕ್ಷರ ಬರೆಯುವ ಒಬ್ಬನನ್ನು ಕರೆದುಕೊಂಡು, ಹೊಸ ಬಿಳಿ ಬಣ್ಣ ತೆಗೆದುಕೊಂಡು ಕಾರಿನಲ್ಲಿ ಬಂದರು. ಕಾಕುವನ್ನು ನಾನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹಮಾಲರು ಹಗ್ಗ ಬಿಚ್ಚಿ ಫ್ಲೆಕ್ಸ್ ಇಳಿಸಿದರು.

ಒಳಗಿನ ಗೊನೆಗಳು ಹಾಗೇ ಇದ್ದವು, ಕಪ್ಪು ನೇರಳೆ. ಹೊರಗೆ ಉಳಿದಿದ್ದ ಮೂಲೆಯ ಗೊನೆ ಮಾತ್ರ ಹಣ್ಣಾಗಿತ್ತು. ಕಮಲಾಪುರದ ಬಾಳೆ ತಿನ್ನುವ ಹದಕ್ಕೆ ಬಂದಾಗ ಇರುವ ಕೆಂಪು, ತುದಿಯಲ್ಲಿ ತುಸು ಕಿತ್ತಳೆ.

ಅಧ್ಯಕ್ಷರು ಅಲ್ಲೇ ದಿವ್ಯದೃಷ್ಟಿ ಎಂಬ ಶಬ್ದ ಬಳಸಿದರು. ನನಗೆ ಬೇರೆ ಶಬ್ದ ಹೊಳೆಯಿತು: ಅಗ್ಗದ ನೇರಳೆ. ಅದು ನಮ್ಮ ಬಿಸಿಲಿಗೆ ಮೊದಲು ಹಾರಿಹೋಗುತ್ತದೆ, ಕೆಳಗಿನ ಕೆಂಪು ಉಳಿಯುತ್ತದೆ. ಜಗತ್‌ನ ಬಿಸಿಲಿನಲ್ಲಿ ಬೋರ್ಡು ಬರೆದು ಮುಪ್ಪಾದ ಕಾಕಾಗೆ ಇದು ಗೊತ್ತಿದ್ದಿರಬಹುದು. ಅಥವಾ ಅಗ್ಗದ ಡಬ್ಬಿ ತಂದು, ಮರ್ಯಾದೆ ಉಳಿಸಿಕೊಳ್ಳಲು ಬಾಯಿಗೆ ಬಂದ ಮಾತು ಆಡಿರಬಹುದು. ನಾನು ಎರಡನ್ನೂ ನಂಬುತ್ತೇನೆ, ಬೇರೆ ಬೇರೆ ದಿನಗಳಲ್ಲಿ.

ಅಕ್ಷರ ಬರೆಯುವವನು ಕುಂಚ ಅದ್ದಿಕೊಂಡು, ಹೆಸರು ಎಲ್ಲಿ ಬರಬೇಕು ಎಂದು ಕೇಳಿದ. ಅಧ್ಯಕ್ಷರು ಗೋಡೆಯ ನಟ್ಟನಡುವೆ ತೋರಿಸಿದರು. ಕಾಕು ಮೂಲೆಯ ಗೊನೆಯ ಹತ್ತಿರ ನಿಂತಿದ್ದರು. ಕೆಂಪನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿದರು, ಅಂಗಡಿಯಲ್ಲಿ ಹಣ್ಣು ಒತ್ತಿ ನೋಡುವಂತೆ.

“ಹೆಸರು ಬ್ಯಾಡ,” ಎಂದರು.

“ಹಂಗಂದ್ರ ಹೆಂಗರೀ ಅಕ್ಕಾರ,” ಎಂದರು ಅಧ್ಯಕ್ಷರು. “ಹೆಸರ ಬರೀರಿ ಅಂತ ಗಂಟ ಬಿದ್ದವ್ರು ನೀವೇ ಅಲ್ಲೇನ್ರಿ?”

“ಅಂದಿದ್ದೆ. ಆದ್ರ ಇವು ಇನ್ನೂ ಕಚ್ಚಾ ಅವ ನೋಡ್ರಿ.” ಆಕೆ ಕಪ್ಪು ಗೊನೆಗಳ ಕಡೆ ಬಟ್ಟು ಮಾಡಿದರು. ಆಮೇಲೆ ತಮ್ಮನ ಕಡೆ ತಿರುಗಿದರು. “ಆ ಪರದೆ ಮತ್ತ ಕಟ್ಟಬ್ಯಾಡ. ಬಿಸಿಲು ಬೀಳ್ಲಿ.”

ಅದು ಗಂಡನ ಪರವಾಗಿ ಆಡಿದ ಮಾತೋ, ಅರ್ಧ ಬಿಟ್ಟ ಕೆಲಸಕ್ಕೆ ಹೆಸರು ಯಾಕೆ ಎಂಬ ತಾತ್ಸಾರವೋ, ಆಕೆಯ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಭಾವಮೈದುನ ಫ್ಲೆಕ್ಸನ್ನು ಸುತ್ತಿದ. ಅಧ್ಯಕ್ಷರು ಬಣ್ಣದ ಡಬ್ಬಿಯ ಮುಚ್ಚಳ ಹುಡುಕಿದರು.

ಅದಾದ ಮೇಲೆ ಇನ್ನೊಂದು ಬೇಸಿಗೆ ಕಳೆದಿದೆ. ಕಾಕು ಆಗಾಗ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗಿ ಬರುತ್ತಾರೆ. ಗೋಡೆ ಹೇಗಿದೆ ಎಂದು ನಾನು ಕೇಳುವುದಿಲ್ಲ, ಅವರಾಗಿ ಹೇಳುವುದಿಲ್ಲ. ನನ್ನ ಬೈಕು ಮಹಾಗಾಂವ ಕ್ರಾಸಿನ ಚಹಾದವರೆಗೆ ಹೋಗಿ ತಿರುಗಿ ಬಂದಿದೆ. ಗೊನೆಗಳೆಲ್ಲ ಹಣ್ಣಾಗಿರಬಹುದು, ಅಥವಾ ಬಣ್ಣವೇ ಹಾರಿ ಗೋಡೆ ಬಿಳಿಚಿರಬಹುದು. ಹೋಗಿ ನೋಡಿದರೆ ಈ ಬರಹ ಪಕ್ಕಾ ಆಗಿಬಿಡುತ್ತದೆ, ಆಮೇಲೆ ಇದಕ್ಕೂ ಕೊಳೆಯುವುದೊಂದೇ ಬಾಕಿ. ಆ ಕೊಳಕು ಉಗುರಿನವರಿಗೆ ನಾನು ಋಣಿಯಾಗಿರುವುದು ಇಷ್ಟಕ್ಕೇ. ಬೈಕು ಮುಂದೆ ಹೋಗುವುದಿಲ್ಲ.